ಮಾತ್ರೆಯ ಕೆಂಪು, ಕಾಮಾಲೆಯ ಕಂದು: ಎರಡು ಸಲ ಬಣ್ಣ ಬದಲಾದ ಮೂತ್ರದ ಒಂದು ಪ್ರಕರಣ

ಟಿಬಿ ಮಾತ್ರೆ ಶುರುಮಾಡಿದ ದಿನವೇ ಮೂತ್ರ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ಗೊತ್ತು. ರೋಗಿಗೆ ಗೊತ್ತಿರುವುದಿಲ್ಲ. ಕೋಲಾರದ ಒಬ್ಬರಿಗೆ ಈ ಬಣ್ಣದಿಂದಲೇ ಎರಡು ಸಲ ತೊಂದರೆಯಾಯಿತು. ಮೊದಲ ಸಲ ಬಣ್ಣಕ್ಕೆ ಹೆದರಿ ಮಾತ್ರೆ ಬಿಟ್ಟರು. ಎರಡನೇ ಸಲ ಬಣ್ಣ ನಿಜವಾಗಿಯೂ ಅಪಾಯ ತೋರಿಸುತ್ತಿದ್ದಾಗ, ಇದು ಮಾಮೂಲಿ ಎಂದು ಸುಮ್ಮನಿದ್ದರು.

ನಾನು ವೈದ್ಯ. ಅವರನ್ನು ನೋಡಿದ್ದು ಎರಡನೇ ಸಲ, ಅವರು ವಾರ್ಡಿಗೆ ದಾಖಲಾದಾಗ. ಅದಕ್ಕೂ ಮುಂಚಿನ ಕಥೆಯನ್ನು ಅವರು, ಅವರ ಹೆಂಡತಿ ಮತ್ತು ಆ ಊರಿನ ಆಶಾ ಕಾರ್ಯಕರ್ತೆ ಹೇಳಿದರು. ಮೂವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರೋಗಿಯನ್ನು ಇಲ್ಲಿ ‘ಅಣ್ಣ’ ಎಂದೇ ಕರೆಯುತ್ತೇನೆ. ವಾರ್ಡಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಹಿನ್ನೆಲೆ

ಅಣ್ಣನಿಗೆ ನಲವತ್ತು ದಾಟಿದೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿ. ಸೀಸನ್ ಬಂತೆಂದರೆ ನಸುಕಿನಿಂದ ಮಧ್ಯಾಹ್ನದವರೆಗೆ ಟೊಮೆಟೊ ಬಾಕ್ಸ್ ಇಳಿಸುವುದು, ಜೋಡಿಸುವುದು, ಲಾರಿಗೆ ಏರಿಸುವುದು. ಸಂಜೆ ಸ್ವಲ್ಪ ಕುಡಿಯುವ ಅಭ್ಯಾಸ. ಬೀಡಿಯೂ ಇತ್ತು. ಮೈಕೈ ನೋವಿಗೆ ಮೆಡಿಕಲ್ ಸ್ಟೋರ್‌ನಿಂದ ಮಾತ್ರೆ ತಂದು ನುಂಗುತ್ತಿದ್ದರು. ಯಾವ ಮಾತ್ರೆ ಎಂದು ಕೇಳಿದರೆ ‘ಬಿಳೀದು’ ಎನ್ನುತ್ತಿದ್ದರು.

ಅವರ ಅಪ್ಪ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದವರು. ಗಣಿ 2001ರಲ್ಲಿ ಮುಚ್ಚಿತು, ಆದರೆ ಅಪ್ಪನ ಕೆಮ್ಮು ನಿಲ್ಲಲಿಲ್ಲ. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಅಂಥವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ. ಅಪ್ಪ ಕೊನೆಗೆ ರಕ್ತ ಕೆಮ್ಮುತ್ತಲೇ ತೀರಿಕೊಂಡರು ಎಂದು ಅಣ್ಣ ಹೇಳಿದರು. ಆ ಮನೆಯಲ್ಲಿ ಕೆಂಪು ಎಂದರೆ ಸಾವು. ಮುಂದೆ ಆದದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಎರಡು ತಿಂಗಳ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ. ಒಂದು ದಿನ ಕಫದಲ್ಲಿ ರಕ್ತ ಕಂಡಿತು. ಕಫ ಪರೀಕ್ಷೆಯಲ್ಲಿ ಟಿಬಿ ಸಿಕ್ಕಿತು. ರಿಫಾಂಪಿಸಿನ್ ಔಷಧಕ್ಕೆ ಬಗ್ಗದ ಟಿಬಿ ಅದಲ್ಲ ಎಂದೂ ಖಚಿತವಾಯಿತು. ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದರು. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದೆ ಎಂದು ಹೇಳಿ ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡರು. ಶುರುವಿನ ಲಿವರ್ ಪರೀಕ್ಷೆ ಮಾಮೂಲಾಗಿತ್ತು. ತೂಕ 48 ಕೆ.ಜಿ., ಹಾಗಾಗಿ ದಿನಕ್ಕೆ ಮೂರು ಮಾತ್ರೆ. ಒಂದೊಂದು ಮಾತ್ರೆಯಲ್ಲೂ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ನಾಲ್ಕೂ ಸೇರಿರುತ್ತವೆ. ಇದು ಎರಡು ತಿಂಗಳು. ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು, ಇನ್ನು ನಾಲ್ಕು ತಿಂಗಳು.

ಮಾತ್ರೆ ಕೊಡುವಾಗ ಬಣ್ಣದ ವಿಷಯ ಯಾರಾದರೂ ಹೇಳಿದ್ದರೇ? ಹೇಳಿದ್ದಿರಬಹುದು. ಅಣ್ಣನಿಗೆ ನೆನಪಿಲ್ಲ. ಟಿಬಿ ಇದೆ ಎಂದು ಗೊತ್ತಾದ ದಿನ ಹೇಳಿದ ಮಾತು ಎಷ್ಟು ಜನರ ತಲೆಗೆ ಹೋಗುತ್ತದೆ?

ಮೊದಲ ಬಣ್ಣ

ಮಾತ್ರೆ ನುಂಗಿ ಮಂಡಿಗೆ ಹೋದರು. ಅಲ್ಲೇ ಒಂದಕ್ಕೆ ಹೋದಾಗ ಕೆಂಪು ಕಂಡಿತು. “ಮೇಲಿಂದ ರಕ್ತ ಬರೋದು ನಿಲ್ತು, ಕೆಳಗಿಂದ ಶುರುವಾಯ್ತು ಅಂದ್ಕೊಂಡೆ ಸಾರ್” ಎಂದು ಅವರೇ ನನಗೆ ಹೇಳಿದ್ದು.

ಮನೆಯಲ್ಲಿ ಹೇಳಲಿಲ್ಲ. ಜೊತೆಯ ಹಮಾಲಿಯೊಬ್ಬರಿಗೆ ಹೇಳಿದರು. “ಉಷ್ಣ ಆಗೈತೆ, ಬಾರ್ಲಿ ನೀರು ಕುಡಿ, ಆ ಮಾತ್ರೆ ತುಂಬಾ ಹೀಟು” ಎಂದು ಸಲಹೆ ಬಂತು. ಅಣ್ಣ ಮಾತ್ರೆ ನಿಲ್ಲಿಸಿದರು, ಬಾರ್ಲಿ ನೀರು ಕುಡಿದರು. ಎರಡು ದಿನದಲ್ಲಿ ಮೂತ್ರ ತಿಳಿಯಾಯಿತು. ಮಾತ್ರೆಯಿಂದ ರಕ್ತ ಬಂತು, ಬಾರ್ಲಿಯಿಂದ ನಿಂತಿತು ಎಂದು ಅವರಿಗೆ ಕಣ್ಣಾರೆ ಸಾಬೀತಾದ ಹಾಗಾಯಿತು. ಬೆಳಿಗ್ಗೆ ಹೆಂಡತಿ ಕೊಟ್ಟ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಜೇಬಿಗೆ ಹಾಕಿಕೊಂಡು ಹೋಗತೊಡಗಿದರು.

ಉಷ್ಣ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದೇ ಇದ್ದರೆ ಮೂತ್ರ ಗಾಢ ಹಳದಿಯಾಗುತ್ತದೆ, ಉರಿಯೂ ಬರಬಹುದು. ನೀರು ಕುಡಿದರೆ ಸರಿಹೋಗುತ್ತದೆ. ಆದರೆ ನಮ್ಮ ಕಡೆ ಮೂತ್ರದ ಎಲ್ಲ ಬದಲಾವಣೆಗೂ ಈ ಒಂದೇ ಹೆಸರು. ಕಲ್ಲಿಗೂ ಉಷ್ಣ, ಸೋಂಕಿಗೂ ಉಷ್ಣ, ಮೂತ್ರಕೋಶದ ಗಡ್ಡೆಗೂ ಉಷ್ಣ. ಎಳನೀರು ಕುಡಿಯುತ್ತಾ ತಿಂಗಳುಗಟ್ಟಲೆ ಕಳೆದು ಬಂದವರನ್ನು ನೋಡಿದ್ದೇನೆ.

ಅಣ್ಣನಂಥವರು ಕೆಂಪು ಮೂತ್ರ ಎಂದು ಬಂದರೆ ಏನೆಲ್ಲಾ ಯೋಚಿಸಬೇಕಾಗುತ್ತದೆ ನೋಡಿ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೆ ಕೆಲವರಿಗೆ ಗುಲಾಬಿ ಬಣ್ಣ ಬರುತ್ತದೆ, ಅದು ತಾನಾಗಿ ಹೋಗುತ್ತದೆ. ಬಿ-ಕಾಂಪ್ಲೆಕ್ಸ್ ಮಾತ್ರೆಗೆ ಕಣ್ಣು ಕುಕ್ಕುವ ಹಳದಿ. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವಿನ ಜೊತೆ ಕೆಂಪಾದರೆ ಕಲ್ಲು. ಉರಿ, ಪದೇ ಪದೇ ಹೋಗಬೇಕೆನಿಸುವುದು, ಮಬ್ಬು ಮೂತ್ರ, ಕೆಟ್ಟ ವಾಸನೆ ಇದ್ದರೆ ಸೋಂಕು. ಟಿಬಿಯೇ ಮೂತ್ರಪಿಂಡಕ್ಕೆ ಇಳಿದರೂ ರಕ್ತ ಬರಬಹುದು. ಹಮಾಲಿಗಳ ವಿಷಯದಲ್ಲಿ ಇನ್ನೊಂದನ್ನು ಮರೆಯಬಾರದು. ಬಿಸಿಲಲ್ಲಿ ಮಿತಿಮೀರಿ ದುಡಿದಾಗ ಮಾಂಸಖಂಡದ ಜೀವಕೋಶಗಳು ಒಡೆದು ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಬರುತ್ತದೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ‘ರಕ್ತ ಇದೆ’ ಎಂದು ತೋರಿಸುತ್ತದೆ, ಮೈಕ್ರೋಸ್ಕೋಪಿನಲ್ಲಿ ಕೆಂಪು ರಕ್ತಕಣವೇ ಕಾಣುವುದಿಲ್ಲ. ಅದನ್ನು ಗುರುತಿಸದೇ ಹೋದರೆ ಕಿಡ್ನಿ ನಿಂತುಹೋಗಬಹುದು.

ರಿಫಾಂಪಿಸಿನ್ ಬಣ್ಣ ಇವ್ಯಾವುದೂ ಅಲ್ಲ. ಔಷಧವೇ ಇಟ್ಟಿಗೆ ಕೆಂಪು ಬಣ್ಣದ ಪುಡಿ. ಅದು ದೇಹದಿಂದ ಹೊರಹೋಗುವಾಗ ಮೂತ್ರ, ಬೆವರು, ಉಗುಳು, ಕಣ್ಣೀರಿಗೂ ಬಣ್ಣ ಹತ್ತಿಸುತ್ತದೆ. ಬಿಳಿ ಬನಿಯನ್ನಿಗೂ ಕಲೆಯಾಗಬಹುದು. ಈ ಬಣ್ಣದಿಂದ ಕಿಡ್ನಿಗೆ ಏನೂ ಆಗುವುದಿಲ್ಲ.

ಆಶಾ ಅಕ್ಕ ಕೇಳಿದ ಪ್ರಶ್ನೆ

ಎರಡು ವಾರ ಹೀಗೇ ನಡೆಯಿತು. ಜ್ವರ ಇಳಿಯಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಖಾಲಿ ಶೀಟುಗಳು ಸರಿಯಾಗಿದ್ದವು. ಲೆಕ್ಕ ತಪ್ಪಿರಲಿಲ್ಲ. ಹೆಂಡತಿ, “ನಾನೇ ಕೈಯಾರೆ ಕೊಡ್ತೀನಿ ಅಕ್ಕ” ಎಂದರು.

ಆಶಾ ಅಕ್ಕ ಮಾತ್ರೆಯ ಬಗ್ಗೆ ಮತ್ತೇನೂ ಕೇಳಲಿಲ್ಲ. “ಒಂದಕ್ಕೆ ಹೋಗುವಾಗ ಬಣ್ಣ ಹೇಗಿದೆ ಅಣ್ಣ?” ಎಂದು ಕೇಳಿದರು. ಅಣ್ಣ ಸಮಾಧಾನದಿಂದ, “ಈಗ ಚೆನ್ನಾಗೈತೆ ಅಕ್ಕ, ಮೊದಲು ಕೆಂಪಿತ್ತು, ಈಗ ನೀರಿನ ಥರ” ಎಂದರು.

ಅಷ್ಟು ಸಾಕಾಯಿತು. ರಿಫಾಂಪಿಸಿನ್ ನುಂಗುವವರ ಮೂತ್ರ ದಿನವಿಡೀ ನೀರಿನ ಥರ ಇರಲು ಸಾಧ್ಯವಿಲ್ಲ. ಮಾತ್ರೆ ಎಣಿಸಿದರೆ ಸುಳ್ಳು ಹೇಳಬಹುದು, ಬಣ್ಣ ಹೇಳುವುದಿಲ್ಲ. ಆ ಹೆಣ್ಣುಮಗಳು ಗದರಲಿಲ್ಲ ಎನ್ನುವುದು ನನಗೆ ದೊಡ್ಡ ವಿಷಯ. ಗದರಿದ್ದರೆ ಅಣ್ಣ ಮಂಡಿಯಿಂದ ಮನೆಗೆ ತಡವಾಗಿ ಬರಲು ಶುರುಮಾಡುತ್ತಿದ್ದರು, ಅಷ್ಟೇ. ಅವರು ಕೂತು ಮಾತಾಡಿಸಿದರು. ಅಪ್ಪನ ಕಥೆ ಹೊರಬಂದದ್ದೇ ಆಗ. “ಅದು ರಕ್ತ ಅಲ್ಲ ಅಣ್ಣ, ಮಾತ್ರೆ ಬಣ್ಣ. ಕೆಂಪಾದರೆ ಒಳ್ಳೇದು, ಮಾತ್ರೆ ಕೆಲಸ ಮಾಡ್ತಿದೆ ಅಂತ” ಎಂದು ಧೈರ್ಯ ಹೇಳಿದರು.

ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಮಾತ್ರೆ ಬಿಟ್ಟು ಬಿಟ್ಟು ನುಂಗಿದರೆ ಔಷಧಕ್ಕೆ ಬಗ್ಗದ ಟಿಬಿ ಹುಟ್ಟಿಕೊಳ್ಳುವ ಭಯ ಇರುತ್ತದೆ. ಅದೃಷ್ಟಕ್ಕೆ ಹಾಗಾಗಿರಲಿಲ್ಲ. ಮಾತ್ರೆ ಮತ್ತೆ ಶುರುವಾಯಿತು. ಈ ಸಲ ಅಣ್ಣ ನಿಯತ್ತಾಗಿ ನುಂಗಿದರು. ದಿನಾ ಬಣ್ಣ ನೋಡಿ ಖುಷಿಪಟ್ಟರು. ಜ್ವರ ಇಳಿಯಿತು, ಕೆಮ್ಮು ಕಡಿಮೆಯಾಯಿತು. ಸುಧಾರಿಸುತ್ತಿದ್ದಂತೆ ಮಂಡಿ ಕೆಲಸಕ್ಕೂ ಹೋದರು. ಮೈಕೈ ನೋವಿಗೆ ಬಿಳಿ ಮಾತ್ರೆ, ಸಂಜೆಯ ಗ್ಲಾಸು, ಎರಡೂ ವಾಪಸ್ ಬಂದವು.

ಎರಡನೇ ಬಣ್ಣ

ಒಂದು ತಿಂಗಳು ಕಳೆದಿತ್ತು. ಮೊದಲು ಊಟ ಸೇರದಾಯಿತು. ಸಾರಿನ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಬೀಡಿಯೂ ಬೇಡವಾಯಿತು. ಟಿಬಿ ಮಾತ್ರೆಯಿಂದ ಸ್ವಲ್ಪ ಓಕರಿಕೆ ಅನೇಕರಿಗೆ ಆಗುತ್ತದೆ, ಆದರೆ ಇದು ದಿನದಿಂದ ದಿನಕ್ಕೆ ಜಾಸ್ತಿಯಾಯಿತು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅಣ್ಣ ಹೆದರಲಿಲ್ಲ. ಬಣ್ಣ ಜಾಸ್ತಿಯಾದಷ್ಟೂ ಮಾತ್ರೆ ಜಾಸ್ತಿ ಕೆಲಸ ಮಾಡುತ್ತಿದೆ ಎಂದು ತಿಳಿದುಕೊಂಡರು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದು ಅವರ ಲೆಕ್ಕ.

ಆಶಾ ಅಕ್ಕನ ಮಾತು ತಪ್ಪಲ್ಲ. ಆ ಮಾತಿನಿಂದಲೇ ಅಣ್ಣ ಮಾತ್ರೆಗೆ ಮರಳಿದರು. ಆದರೆ ಆ ಮಾತಿಗೆ ಒಂದು ಎಲ್ಲೆ ಬೇಕಿತ್ತು. ಯಾವ ಕೆಂಪು, ಯಾವ ಹೊತ್ತಿನ ಕೆಂಪು, ಜೊತೆಗೆ ಏನಿದ್ದರೆ ಓಡಿಬರಬೇಕು ಎನ್ನುವುದು ಅದರಲ್ಲಿ ಇರಲಿಲ್ಲ. ನಾವೆಲ್ಲರೂ ರೋಗಿಗಳಿಗೆ ಹೇಳುವುದು ಇದೇ ಅರ್ಧ ಮಾತು. ಈ ಪ್ರಕರಣವನ್ನು ಬರೆಯಲು ಕೂತಿದ್ದೇ ಇದಕ್ಕಾಗಿ.

ಈ ಸಲ ಎಚ್ಚೆತ್ತವರು ಹೆಂಡತಿ. ಒಂದು ಬೆಳಿಗ್ಗೆ ಅಣ್ಣ ಮಾತ್ರೆ ನುಂಗಿದ ತಕ್ಷಣ ವಾಂತಿ ಮಾಡಿಕೊಂಡರು. ಮಾರನೇ ದಿನವೂ ಹಾಗೇ ಆಯಿತು. ಎರಡು ದಿನ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲೇ ಇಲ್ಲ. ಆದರೂ ಬಣ್ಣ ಹೋಗಲಿಲ್ಲ, ಇನ್ನೂ ಗಾಢವಾಯಿತು. ಬಚ್ಚಲಿನಲ್ಲಿ ನೊರೆ ಕೂಡ ಹಳದಿ ಕಾಣುತ್ತಿತ್ತು. ಅವರು ವಾರ್ಡಿನಲ್ಲಿ ನನಗೆ ಹೇಳಿದ ಮಾತು ಇದು: “ಮಾತ್ರೆ ಬಣ್ಣ ಅಂದ್ರೆ ಮಾತ್ರೆ ಒಳಗೆ ಹೋಗ್ದೆ ಇದ್ರೆ ಬಣ್ಣಾನೂ ಬರಬಾರದು, ಅಲ್ವಾ ಸಾರ್?”

ಶಾಲೆ ಅರ್ಧಕ್ಕೆ ಬಿಟ್ಟ ಹೆಂಗಸು. ಇದಕ್ಕಿಂತ ಚೆನ್ನಾದ ತರ್ಕವನ್ನು ನಾನು ಯಾವ ಕೇಸ್ ಶೀಟಿನಲ್ಲೂ ಓದಿಲ್ಲ. ಹಿಂದೆ ಮಾತ್ರೆ ಬಿಟ್ಟಾಗ ಎರಡು ದಿನದಲ್ಲಿ ಬಣ್ಣ ತಿಳಿಯಾಗಿದ್ದು ಅಷ್ಟರಲ್ಲಿ ಅವರಿಗೆ ಗೊತ್ತಿತ್ತು. ಅದನ್ನೂ ಇದನ್ನೂ ಹೋಲಿಸಿ ನೋಡಿದ್ದರು.

ನೇರವಾಗಿ ಆಸ್ಪತ್ರೆಗೆ ಬರಲಿಲ್ಲ. ಬಂಧುಗಳೊಬ್ಬರು ಕಣ್ಣು ನೋಡಿ ಕಾಮಾಲೆ ಎಂದರು. ನೆಲನೆಲ್ಲಿ ರಸ ಕೊಟ್ಟು ಪಥ್ಯ ಹೇಳಿದರು. ಎಣ್ಣೆ ಬೇಡ, ಅನ್ನ ಮಜ್ಜಿಗೆ ಮಾತ್ರ. ಸೊಪ್ಪಿನ ರಸದ ಬಗ್ಗೆ ಜಗಳ ಮಾಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಭಯ ಹುಟ್ಟಿಸುವುದು ಬೇರೆ ವಿಷಯ. ಒಂದು ಕಡೆ ರಸ ಕುಡಿಯುತ್ತಾ ಇನ್ನೊಂದು ಕಡೆ ಟಿಬಿ ಮಾತ್ರೆಯನ್ನೂ ನುಂಗಲು ಅಣ್ಣ ಪ್ರಯತ್ನಿಸುತ್ತಲೇ ಇದ್ದರು. ಹಿಂದೆ ಬಿಟ್ಟು ತಪ್ಪು ಮಾಡಿದ್ದೆ, ಈ ಸಲ ಬಿಡಬಾರದು ಎಂಬ ಹಟ. ಪೆಟ್ಟು ತಿಂದ ಲಿವರ್ ಮೇಲೆ ದಿನಾ ಮತ್ತೆ ಪೆಟ್ಟು. ಹೆಂಡತಿ ಆಶಾ ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಬಂದು ಕಣ್ಣಿನ ಬಿಳಿ ಭಾಗ ನೋಡಿದವರೇ, “ಇವತ್ತಿನ ಮಾತ್ರೆ ಕೊಡಬೇಡ, ಹೊರಡಿ” ಎಂದು ಆಟೋ ಹತ್ತಿಸಿದರು.

ಆಸ್ಪತ್ರೆಯಲ್ಲಿ

ಕಣ್ಣು ಹಳದಿ. ಬಲಪಕ್ಕೆಯ ಕೆಳಗೆ ಮುಟ್ಟಿದರೆ ನೋವು. ಮೂತ್ರವನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ತರಿಸಿ ಅಲುಗಾಡಿಸಿದೆ. ಗಾಢ ಕಂದು, ಮೇಲೆ ಹಳದಿ ನೊರೆ. ಮಾಮೂಲಿ ಮೂತ್ರದ ನೊರೆ ಬಿಳಿ. ನೊರೆ ಹಳದಿಯಾದರೆ, ಕಾಮಾಲೆಯಲ್ಲಿ ಏರುವ ಹಳದಿ ವಸ್ತು ಬಿಲಿರುಬಿನ್ ಇರುವ ಅನುಮಾನ ಬರಬೇಕು. ಇದು ಹಳೇ ಕಾಲದ ವಿಧಾನ, ಇದನ್ನೇ ನಂಬಿ ಕೂರಲು ಆಗುವುದಿಲ್ಲ. ಪಟ್ಟಿ ಪರೀಕ್ಷೆಯೂ ಗಾಢ ಬಣ್ಣದ ಮೂತ್ರದಲ್ಲಿ ಓದಲು ಕಷ್ಟ. ಕೊನೆಗೆ ನಿರ್ಧಾರವಾಗುವುದು ರಕ್ತ ಪರೀಕ್ಷೆಯಿಂದಲೇ.

ಬಿಲಿರುಬಿನ್ 4.6 ಬಂತು. 1ರ ಆಸುಪಾಸು ಇರಬೇಕು. ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ 412. 40ರ ಆಸುಪಾಸು ಇರಬೇಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಹೆಚ್ಚು ಕೆಟ್ಟಿರಲಿಲ್ಲ, ಅದೊಂದು ಸಮಾಧಾನ. ಪ್ರಜ್ಞೆ ಸ್ಪಷ್ಟವಾಗಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳಕ್ಕೆ ಅಡ್ಡಿ ಕಾಣಲಿಲ್ಲ. ಉಳಿದದ್ದು ಮಾತ್ರೆಗಳು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು. ಸಾಮಾನ್ಯವಾಗಿ ಮೊದಲ ಎರಡು ತಿಂಗಳಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಮದ್ಯ ಮತ್ತು ಕಡಿಮೆ ತೂಕ ಅಪಾಯವನ್ನು ಹೆಚ್ಚಿಸುತ್ತವೆ. ಅವರ ಬಿಳಿ ಮಾತ್ರೆ ಪ್ಯಾರಾಸಿಟಮಾಲ್ ಎಂದು ಆಮೇಲೆ ಗೊತ್ತಾಯಿತು. ಜಾಸ್ತಿ ನುಂಗಿದರೆ ಅದೂ ಲಿವರ್‌ಗೆ ಭಾರ.

ಲಿವರ್ ಕೆಟ್ಟಾಗ ಮೂತ್ರ ಯಾಕೆ ಕಂದಾಗುತ್ತದೆ ಎಂದು ಹೆಂಡತಿ ಕೇಳಿದರು. ಹಳೆಯ ರಕ್ತಕಣ ಒಡೆದಾಗ ಬಿಲಿರುಬಿನ್ ಎಂಬ ಈ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ನೀರಿನಲ್ಲಿ ಕರಗುವ ಹಾಗೆ ಮಾಡಿ ಪಿತ್ತದ ಮೂಲಕ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದ. ಆ ದಾರಿ ಕೆಟ್ಟರೆ ಅದು ರಕ್ತಕ್ಕೆ ಮರಳಿ ಕಿಡ್ನಿಯಿಂದ ಹೊರಗೆ ಬರುತ್ತದೆ. ಮೂತ್ರ ಕಪ್ಪಾಗುತ್ತದೆ, ಮಲ ಬಿಳಿಚಿಕೊಳ್ಳಬಹುದು. ಎಷ್ಟೋ ಸಲ ಕಣ್ಣು ಹಳದಿಯಾಗುವ ಮುಂಚೆಯೇ ಮೂತ್ರ ಸುಳಿವು ಕೊಡುತ್ತದೆ. ಅಣ್ಣನಿಗೂ ಕೊಟ್ಟಿತ್ತು. ಆ ಸುಳಿವನ್ನು ರಿಫಾಂಪಿಸಿನ್ ಬಣ್ಣ ಮುಚ್ಚಿಹಾಕಿತ್ತು.

ನಾಲ್ಕೂ ಔಷಧ ಸೇರಿದ ಮಾತ್ರೆಯನ್ನು ನಿಲ್ಲಿಸಿದೆವು. ಲಿವರ್ ಕಿಣ್ವ ಐದು ಪಟ್ಟು ಏರಿದರೆ, ಅಥವಾ ವಾಂತಿ, ಹೊಟ್ಟೆನೋವಿನಂಥ ಲಕ್ಷಣದ ಜೊತೆ ಮೂರು ಪಟ್ಟು ಏರಿದರೆ ನಿಲ್ಲಿಸಲೇಬೇಕು. ಇವರದ್ದು ಹತ್ತು ಪಟ್ಟು. ಟಿಬಿಯನ್ನು ಸುಮ್ನೆ ಬಿಡುವ ಹಾಗೂ ಇರಲಿಲ್ಲ. ಆದ್ದರಿಂದ ಲಿವರ್‌ಗೆ ಅಷ್ಟು ತೊಂದರೆ ಕೊಡದ ಇಥಾಂಬುಟಾಲ್ ಮತ್ತು ಲಿವೊಫ್ಲಾಕ್ಸಾಸಿನ್ ಮೇಲೆ ಇಟ್ಟೆವು.

ಇಲ್ಲಿ ಅಣ್ಣನನ್ನು ಒಪ್ಪಿಸುವುದೇ ಕಷ್ಟವಾಯಿತು. ಮೊದಲು ನಿಲ್ಲಿಸಬೇಡ ಎಂದಿರಿ, ಈಗ ನೀವೇ ನಿಲ್ಲಿಸುತ್ತೀರಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ತಾನಾಗಿ ನಿಲ್ಲಿಸುವುದಕ್ಕೂ ಪರೀಕ್ಷೆ ಮಾಡಿ, ಬದಲಿ ಕೊಟ್ಟು ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಅವತ್ತು ಬಹಳ ಹೊತ್ತು ಕೂತು ಹೇಳಬೇಕಾಯಿತು.

ಮೂರನೇ ಸಲದ ಬಣ್ಣ

ಸುಮಾರು ಮೂರು ವಾರದಲ್ಲಿ ಕಿಣ್ವಗಳು ಎರಡು ಪಟ್ಟಿಗಿಂತ ಕೆಳಗಿಳಿದವು. ಹಸಿವು ಮರಳಿತು. ಒಂದೊಂದೇ ಔಷಧವನ್ನು ವಾಪಸ್ ತರುವ ಕೆಲಸ ಶುರುವಾಯಿತು. ಮೊದಲು ರಿಫಾಂಪಿಸಿನ್. ಅಂದರೆ ಮೂತ್ರ ಮತ್ತೆ ಕೆಂಪಾಗುತ್ತದೆ. ಕಾಮಾಲೆಯಿಂದ ಈಗಷ್ಟೇ ಎದ್ದ ಮನುಷ್ಯನಿಗೆ ಇದನ್ನು ಮೊದಲೇ ಹೇಳದೇ ಇದ್ದರೆ ಆತ ಮತ್ತೆ ಓಡಿಹೋಗುತ್ತಾನೆ.

ಈ ಸಲ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದೆವು. ಬೆಳಿಗ್ಗೆ ಮಾತ್ರೆ ನುಂಗಿದ ಒಂದೆರಡು ಗಂಟೆಗೆ ಕಿತ್ತಳೆ ಬಣ್ಣ ಬರುತ್ತದೆ. ರಾತ್ರಿಯ ಹೊತ್ತಿಗೆ ತಿಳಿಯಾಗುತ್ತಾ ಹೋಗುತ್ತದೆ. ಮಾರನೇ ದಿನ ಮಾತ್ರೆಗೆ ಮುಂಚಿನ ಮೂತ್ರ ಅನೇಕರಲ್ಲಿ ಹೆಚ್ಚುಕಡಿಮೆ ಮಾಮೂಲಾಗಿರುತ್ತದೆ. ಹಸಿವು ಚೆನ್ನಾಗಿದ್ದು, ಕಣ್ಣು ಬೆಳ್ಳಗಿದ್ದರೆ ಹೆದರಬೇಡಿ. ಬೆಳಗಿನ ಮೊದಲ ಮೂತ್ರವೂ ಡಿಕಾಕ್ಷನ್ ಥರ ಕಂಡರೆ, ನೊರೆ ಹಳದಿಯಾದರೆ, ಊಟ ಸೇರದಿದ್ದರೆ, ವಾಂತಿಯಾದರೆ, ಅದೇ ದಿನ ಬನ್ನಿ. ಮುಂದಿನ ತಾರೀಕಿಗೆ ಕಾಯಬೇಡಿ.

ಮಾತ್ರೆ ಕೊಟ್ಟ ಮಾರನೇ ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಅಣ್ಣನೇ ವರದಿ ಒಪ್ಪಿಸಿದರು: “ನಿನ್ನೆ ಮಧ್ಯಾಹ್ನ ಕೆಂಪು, ಇವತ್ತು ಬೆಳಿಗ್ಗೆ ತಿಳಿ. ನೊರೆ ಬೆಳ್ಳಗೈತೆ ಸಾರ್.” ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ಕೆಲವು ದಿನ ಬಿಟ್ಟು ಐಸೋನಿಯಾಜಿಡ್ ಸೇರಿಸಿದೆವು, ಅದೂ ಹಿಡಿಸಿತು. ಪೈರಾಜಿನಮೈಡ್ ಅನ್ನು ಮತ್ತೆ ಕೊಡಲಿಲ್ಲ. ಕಾಮಾಲೆಯವರೆಗೆ ಹೋದ ಮೇಲೆ ಆ ಅಪಾಯಕ್ಕೆ ಕೈಹಾಕುವುದು ಬೇಡ ಎಂದು ತೀರ್ಮಾನಿಸಿದೆವು. ಅದಿಲ್ಲದ್ದಕ್ಕೆ ಚಿಕಿತ್ಸೆ ಆರರ ಬದಲು ಒಂಬತ್ತು ತಿಂಗಳಾಯಿತು. ಅಣ್ಣ ಪೂರ್ತಿ ಮುಗಿಸಿದರು. ಕೊನೆಯ ಕಫ ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ. ತೂಕ 55 ಕೆ.ಜಿ. ಆಗಿತ್ತು. ಕುಡಿತ ಆ ಒಂಬತ್ತು ತಿಂಗಳು ನಿಂತಿತ್ತು. ಆಮೇಲೆ ಪೂರ್ತಿ ನಿಂತಿದೆ ಎಂದು ನಾನು ಹೇಳಲಾರೆ.

ಈಗ ಹೇಗೆ ಹೇಳುತ್ತೇವೆ

ಟಿಬಿ ಮಾತ್ರೆ ಶುರುಮಾಡುವವರಿಗೆ ಬಣ್ಣದ ವಿಷಯವನ್ನು ಮೊದಲ ದಿನ ಒಮ್ಮೆ ಹೇಳಿ ಬಿಡುವುದಿಲ್ಲ. ಒಂದು ವಾರ ಬಿಟ್ಟು ಮತ್ತೆ ಹೇಳುತ್ತೇವೆ. ಮನೆಯವರೊಬ್ಬರು ಜೊತೆಯಲ್ಲಿ ಇರಲೇಬೇಕು ಎನ್ನುತ್ತೇವೆ, ಯಾಕೆಂದರೆ ಈ ಪ್ರಕರಣದಲ್ಲಿ ಜೀವ ಉಳಿಸಿದ್ದು ಮನೆಯವರ ಕಣ್ಣು. ‘ಕೆಂಪಾದರೆ ಒಳ್ಳೇದು’ ಎನ್ನುವುದನ್ನು ಬಿಟ್ಟಿದ್ದೇವೆ. ‘ಮಾತ್ರೆ ನುಂಗಿದ ಮೇಲೆ ಬಂದು, ಬೆಳಗಾಗುವಷ್ಟರಲ್ಲಿ ಹೋಗುವ ಕೆಂಪಿಗೆ ಹೆದರಬೇಡಿ’ ಎನ್ನುತ್ತೇವೆ. ಉದ್ದವಾಯಿತು, ನಿಜ. ಜನ ನೆನಪಿಟ್ಟುಕೊಳ್ಳುತ್ತಾರೆ. ದೂರದ ಹಳ್ಳಿಯವರಿಗೆ ನಿಕ್ಷಯ್ ಸಂಪರ್ಕದ ಉಚಿತ ಸಂಖ್ಯೆ 1800-11-6666 ಅನ್ನು ಮಾತ್ರೆ ಕವರಿನ ಮೇಲೆ ಬರೆದುಕೊಡುತ್ತೇವೆ. ಕುಡಿಯುವವರು, ತೂಕ ಕಡಿಮೆ ಇರುವವರು, ವಯಸ್ಸಾದವರಿಗೆ ತೊಂದರೆ ಕಾಣುವವರೆಗೆ ಕಾಯದೆ ಲಿವರ್ ಪರೀಕ್ಷೆಯನ್ನು ಮಧ್ಯದಲ್ಲೂ ಮಾಡಿಸುತ್ತೇವೆ. ನೋವಿನ ಮಾತ್ರೆ ಏನು ನುಂಗುತ್ತೀರಿ ಎಂದು ಶೀಟು ತರಿಸಿಯೇ ಕೇಳುತ್ತೇವೆ.

ಚಿಕಿತ್ಸೆ ಮುಗಿದ ದಿನ ಅಣ್ಣನಿಗೆ ಇನ್ನೊಂದು ಮಾತನ್ನೂ ಹೇಳಿ ಕಳಿಸಿದೆವು. ಇನ್ನು ಮಾತ್ರೆ ಇಲ್ಲ, ಹಾಗಾಗಿ ಮುಂದೆ ಯಾವತ್ತು ಕೆಂಪು ಕಂಡರೂ ಅದು ಮಾತ್ರೆಯದ್ದಲ್ಲ. ನಲವತ್ತು ದಾಟಿದ, ವರ್ಷಗಟ್ಟಲೆ ಬೀಡಿ ಸೇದಿದ ಗಂಡಸಿಗೆ ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೆ ಮೂತ್ರಕೋಶದ ಕ್ಯಾನ್ಸರ್ ಇರಬಹುದು ಎಂದೇ ನೋಡಬೇಕಾಗುತ್ತದೆ. ಒಂದೇ ಸಲ ಬಂದು ನಿಂತರೂ ತೋರಿಸಬೇಕು, ಅದು ಹಾಗೆ ಬಂದು ನಿಂತು ಮೋಸ ಮಾಡುತ್ತದೆ. ಹೆಂಡತಿ ಅದನ್ನು ಕೇಳಿಸಿಕೊಂಡು, ಹಾಗಾದರೆ ಎಲ್ಲಿಗೆ ಬರಬೇಕು, ಯಾವ ದಿನ ಯಾರು ಇರುತ್ತಾರೆ ಎಂದು ವಿಚಾರಿಸಿಕೊಂಡು ಹೋದರು.